ಬೀಜದಿಂದ ಬೆಳೆದ ಹೈಡ್ರೇಂಜಿಯ

ಬೇಸಿಗೆಯ ಕೊನೆಯಲ್ಲಿ ಮಡಿಕೇರಿಗೋ ಉದಕಮಂಡಲಕ್ಕೋ ಹೋದವರು, ಮನೆಗಳ ಅಂಗಳಗಳಲ್ಲಿಯೂ ತೋಟದ ಬಂಗಲೆಗಳ ಮುಂದೆಯೂ, ಬೊಗಸೆ ತುಂಬುವಂಥ ನೀಲಿ ಹೂಚೆಂಡುಗಳನ್ನು ಹೊತ್ತು ನಿಂತ ಪೊದೆಗಳನ್ನು ನೋಡಿರಬೇಕು. ಅದೇ ಹೈಡ್ರೇಂಜಿಯ. ಎಲೆ ಅಂಗೈಯಗಲ, ಅಂಚು ಗರಗಸದಂತೆ. ಹೂವಿಗೆ ಹೇಳಿಕೊಳ್ಳುವಂಥ ಪರಿಮಳವೇನೂ ಇಲ್ಲ. ಆದರೂ ನೆರಳಿನಲ್ಲಿ ಇಷ್ಟು ಧಾರಾಳವಾಗಿ ಹೂ ಬಿಡುವ ಪೊದೆಗಳು ವಿರಳವಾದುದರಿಂದ ಬೆಟ್ಟದೂರುಗಳ ಮನೆಮನೆಯಲ್ಲಿಯೂ ಇದಕ್ಕೆ ಮನ್ನಣೆ. ಇದನ್ನು ಬೆಳೆಸುವ ಬಗೆಯನ್ನು ವಿಚಾರಿಸಿದರೆ ದೊರೆಯುವ ಉತ್ತರವೂ ಎಲ್ಲೆಡೆ ಒಂದೇ: “ಒಂದು ಕಡ್ಡಿ ಮುರಿದು ಕೊಡುತ್ತೇವೆ, ಮಳೆ ಹಿಡಿದಾಗ ನೆಡಿ, ಬೇರು ಬಿಡುತ್ತದೆ.” ಮಾತು ನಿಜ. ಆದರೆ “ಇದರ ಬೀಜ ಎಲ್ಲಿದೆ?” ಎಂದು ಕೇಳಿ ನೋಡಿರಿ. ಬಹುಮಂದಿ, ಇದಕ್ಕೆ ಬೀಜವೇ ಆಗುವುದಿಲ್ಲವೆಂದು ಹೇಳಿಬಿಡುತ್ತಾರೆ. ಒಂದೊಂದು ಗೊಂಚಲಿನಲ್ಲಿ ನೂರಾರು ಹೂ ಬಿಡುವ ಗಿಡಕ್ಕೆ ಬೀಜವಿಲ್ಲವೆಂದರೆ, ಆ ಹೂಗಳಿಂದ ಗಿಡಕ್ಕೆ ಆಗುವ ಪ್ರಯೋಜನವಾದರೂ ಏನು?

ಇದಕ್ಕೆ ಉತ್ತರ ಬೇಕಾದರೆ ಹೂಚೆಂಡನ್ನು ದೂರದಿಂದ ನೋಡಿ ಮೆಚ್ಚಿದರೆ ಸಾಲದು. ಒಂದನ್ನು ಕೊಯ್ದು, ಬಿಡಿಸಿ, ಭೂತಕನ್ನಡಿಯ ಕೆಳಗೆ ಹಿಡಿಯಬೇಕು. ಚೆಂಡಿನ ಮೇಲ್ಮೈಯನ್ನೆಲ್ಲ ಮುಚ್ಚಿರುವ ಅಗಲವಾದ ನೀಲಿ ಎಸಳುಗಳು ನಿಜವಾಗಿ ಹೂದಳಗಳೇ ಅಲ್ಲ. ಅವು ಪುಷ್ಪಪಾತ್ರೆಯ ಭಾಗಗಳು. ಎಂದರೆ, ಗುಲಾಬಿಯ ಮೊಗ್ಗನ್ನು ಹೊರಗಿನಿಂದ ಹಿಡಿದಿರುವ ಹಸಿರು ಎಸಳುಗಳಿಗೆ ಸಮನಾದವು. ಇಲ್ಲಿ ಅವು ಹಿಗ್ಗಿ ಬಣ್ಣ ತಳೆದಿವೆ. ಇಂಥ ಹೂಗಳಲ್ಲಿ ಬೀಜ ಕಟ್ಟುವುದು ತೀರ ಅಪರೂಪ. ಇವು ಕೇವಲ ಜಾಹೀರಾತಿನ ಹೂಗಳು. ಕೀಟಗಳನ್ನು ದೂರದಿಂದ ಕರೆಯುವುದಷ್ಟೆ ಇವುಗಳ ಕೆಲಸ. ಅಗಲವಾದ ಈ ಎಸಳುಗಳನ್ನು ಸರಿಸಿ ಗೊಂಚಲಿನ ಒಳಗೆ ಇಣುಕಿದರೆ, ಕೆಲವೇ ಮಿಲಿಮೀಟರ್ ಗಾತ್ರದ ಪುಟ್ಟ ಹೂಗಳು ಕಾಣಸಿಗುತ್ತವೆ. ಅವುಗಳಿಗೆ ನಾಲ್ಕೈದು ಕಿರಿಯ ದಳಗಳು, ಎಂಟು ಹತ್ತು ಕೇಸರಗಳು, ತಳದಲ್ಲಿ ಅಂಡಾಶಯ, ಅದರ ಮೇಲೆ ಎರಡು ಮೂರು ಗಿಡ್ಡ ಶಲಾಕೆಗಳು, ಹೀಗೆ ಹೂವಿಗೆ ಇರಬೇಕಾದುದೆಲ್ಲವೂ ಉಂಟು. ಬೀಜವಾಗುವುದು ಇವುಗಳಲ್ಲಿ.

ಈ ಗಿಡದ ತವರು ಜಪಾನು. ಅಲ್ಲಿಯ ಕಡಲತೀರದ ಕಾಡುಗಳಲ್ಲಿ ತಾನಾಗಿ ಬೆಳೆಯುವ ಮೂಲ ಗಿಡದ ಹೂಗೊಂಚಲು ಚೆಂಡಿನಂತಿರದೆ ತಟ್ಟೆಯಂತಿರುತ್ತದೆ. ತಟ್ಟೆಯ ನಡುವೆಲ್ಲ ಬೀಜ ಕಟ್ಟುವ ಕಿರುಹೂಗಳು. ಅಂಚಿನಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದರಂತೆ ಜಾಹೀರಾತಿನ ಹೂಗಳು. ಪರಾಗಸ್ಪರ್ಶ ಮುಗಿದ ಮೇಲೆ ಈ ಅಂಚಿನ ಹೂಗಳು ಬೆನ್ನು ಮೇಲಾಗಿ ಮಗುಚಿಕೊಳ್ಳುವುದು ನೋಡತಕ್ಕ ವಿಷಯ. ವ್ಯಾಪಾರ ಮುಗಿಯಿತೆಂದು ಅಂಗಡಿಯ ಬೋರ್ಡನ್ನು ತಿರುಗಿಸಿಟ್ಟಂತೆ. ನಮ್ಮ ತೋಟಗಳಲ್ಲಿ ಹೆಚ್ಚಾಗಿ ಕಾಣುವ ಚೆಂಡುಹೂವಿನ ಬಗೆಯಾದರೋ, ಅಂಚಿನ ಹೂಗಳೇ ಗೊಂಚಲನ್ನೆಲ್ಲ ಆಕ್ರಮಿಸಿದ ಒಂದು ವಿಚಿತ್ರ ಮಾರ್ಪಾಟು. ಅಂದವಾಗಿದೆಯೆಂದು ಮನುಷ್ಯರು ಅದನ್ನು ಆರಿಸಿ ಉಳಿಸಿಕೊಂಡರು. ಅದರಲ್ಲಿಯೂ ಕಿರುಹೂಗಳು ನಾಶವಾಗಿಲ್ಲ; ಸಂಖ್ಯೆಯಲ್ಲಿ ಕಡಿಮೆಯಾಗಿ ಮರೆಗೆ ಸರಿದಿವೆ, ಅಷ್ಟೆ.

ಕಿರುಹೂವಿನ ಅಂಡಾಶಯ ಬಲಿತಾಗ ಮೆಣಸಿನ ಕಾಳಿಗಿಂತಲೂ ಚಿಕ್ಕದಾದ ಒಂದು ಕಾಯಾಗುತ್ತದೆ. ತಲೆ ಚಪ್ಪಟೆ, ಹೊಟ್ಟೆ ಗುಂಡು, ತುದಿಯಲ್ಲಿ ಒಣಗಿದ ಶಲಾಕೆಗಳ ಕೊಂಬುಗಳು. ಥೇಟು ಪುಟ್ಟದೊಂದು ಗಿಂಡಿಯಂತೆ. ಗಿಡದ ಹೆಸರು ಹುಟ್ಟಿದ್ದೇ ಈ ಕಾಯಿಂದ. ಗ್ರೀಕ್ ಭಾಷೆಯಲ್ಲಿ ‘ಹೈಡೋರ್’ ಎಂದರೆ ನೀರು, ‘ಆಂಗಿಯಾನ್’ ಎಂದರೆ ಪಾತ್ರೆ. 1753ರಲ್ಲಿ ಲಿನೇಯಸ್ ತನ್ನ ಗ್ರಂಥದಲ್ಲಿ ಈ ಹೆಸರನ್ನು ಅಮೆರಿಕದ ಒಂದು ಜಾತಿಗೆ ಬಳಸಿದನು. ಹೈಡ್ರೇಂಜಿಯಕ್ಕೆ ನೀರು ಬಹಳ ಬೇಕಾದುದರಿಂದ ಆ ಹೆಸರು ಬಂತೆಂದು ಹೇಳುವವರುಂಟು. ನೀರು ಬೇಕಾದದ್ದೂ ನಿಜವೆ; ಆದರೆ ಹೆಸರಿಗೆ ಕಾರಣ ಕಾಯಿಯ ಆಕಾರ. ಬೀಜವೇ ಇಲ್ಲವೆಂದು ನಾವು ಹೇಳುವ ಗಿಡ ತನ್ನ ಹೆಸರಿನಲ್ಲಿಯೇ ಬೀಜಕೋಶವನ್ನು ಹೊತ್ತಿದೆ!

ಕಡ್ಡಿ ನೆಟ್ಟರೆ ಸುಲಭವಾಗಿ ಬರುವ ಗಿಡಕ್ಕೆ ಬೀಜದ ತೊಡಕೇಕೆ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಕಡ್ಡಿಯಿಂದ ಬಂದ ಗಿಡ ಹೊಸ ಗಿಡವಲ್ಲ. ಹಳೆಯ ಗಿಡದ ಮುಂದುವರಿಕೆ. ಒಂದು ಬೀದಿಯ ಹತ್ತು ಮನೆಗಳವರು ಒಂದೇ ಪೊದೆಯಿಂದ ಕಡ್ಡಿ ತಂದು ನೆಟ್ಟಿದ್ದರೆ, ಆ ಹತ್ತು ಪೊದೆಗಳೂ ಆನುವಂಶಿಕತೆಯ ದೃಷ್ಟಿಯಿಂದ ಒಂದೇ ಜೀವ, ಹತ್ತು ಅಂಗಳಗಳಲ್ಲಿ ಚದುರಿದ ಒಂದೇ ಶರೀರ. ಬೀಜದಿಂದ ಬಂದುದಾದರೋ ಬೇರೆ ಜೀವ. ಅದಕ್ಕೆ ತಾಯಿಯೂ ಉಂಟು, ತಂದೆಯೂ ಉಂಟು. ಎರಡರ ಗುಣಗಳೂ ಬೆರೆತು, ಹಿಂದೆಂದೂ ಇರದಿದ್ದ ಒಂದು ಜೋಡಣೆ ಅದರಲ್ಲಿ ಉಂಟಾಗಿರುತ್ತದೆ.

ಈ ವ್ಯತ್ಯಾಸವನ್ನು ಗಿಡದ ಚರಿತ್ರೆಯೇ ಚೆನ್ನಾಗಿ ತೋರಿಸಿಕೊಡುತ್ತದೆ. ಡಚ್ಚರ ವ್ಯಾಪಾರ ಸಂಸ್ಥೆಯ ವೈದ್ಯನಾಗಿ 1775ರಲ್ಲಿ ಜಪಾನಿಗೆ ಹೋದ ಸ್ವೀಡನ್ನಿನ ಥುನ್‌ಬರ್ಗ್, ಈ ಗಿಡವನ್ನು 1784ರಲ್ಲಿ ಬೇರೊಂದು ಕುಲಕ್ಕೆ ಸೇರಿಸಿ ವರ್ಣಿಸಿದನು. 1789ರಲ್ಲಿ ಚೀನಾದ ತೋಟದ ಗಿಡವೊಂದು ಸರ್ ಜೋಸೆಫ್ ಬ್ಯಾಂಕ್ಸ್‌ನ ಮೂಲಕ ಲಂಡನ್ನಿನ ಕ್ಯೂ ಉದ್ಯಾನವನ್ನು ಸೇರಿತು. 1823ರಲ್ಲಿ ನಾಗಸಾಕಿಗೆ ಬಂದ ಜರ್ಮನ್ ವೈದ್ಯ ಸೀಬೋಲ್ಡ್, ಚೆಂಡುಹೂವಿನ ಬಗೆಯೊಂದನ್ನು ಪ್ರತ್ಯೇಕ ಜಾತಿಯೆಂದೇ ಭಾವಿಸಿ, ತನ್ನ ಪ್ರಿಯೆ ಓಟಾಕಿಯ ನೆನಪಿಗಾಗಿ ಅದಕ್ಕೆ ‘ಓಟಾಕ್ಸಾ’ ಎಂದು ಹೆಸರಿಟ್ಟನು. ಅದು ಬೇರೆ ಜಾತಿಯಲ್ಲ, ತೋಟದಲ್ಲಿ ಉಳಿಸಿಕೊಂಡ ಒಂದು ಬಗೆ ಮಾತ್ರ ಎಂಬುದು ಅನಂತರ ತಿಳಿಯಿತು. ಹೀಗೆ ಯೂರೋಪಿಗೆ ಬಂದವು ಬೆರಳಲ್ಲಿ ಎಣಿಸುವಷ್ಟು ಗಿಡಗಳು. ಮುಂದಿನ ನೂರು ವರ್ಷಗಳಲ್ಲಿ ಅವುಗಳಿಂದ ಮುರಿದ ಕಡ್ಡಿಗಳಿಗೆ ಲೆಕ್ಕವಿಲ್ಲ. ಆದರೆ ಹೂವುಗಳಲ್ಲಿ ಹೇಳಿಕೊಳ್ಳುವಂಥ ಹೊಸತನ ಕಾಣಲಿಲ್ಲ.

ಹೊಸತನ ಬಂದದ್ದು ಬೀಜದಿಂದ. 1870ರ ದಶಕದ ಕೊನೆಯಲ್ಲಿ ಚಾರ್ಲ್ಸ್ ಮೇರೀಸ್ ಎಂಬ ಸಸ್ಯಸಂಗ್ರಾಹಕನು ತಟ್ಟೆಹೂವಿನ ಒಂದು ಸೊಗಸಾದ ಬಗೆಯನ್ನು ಜಪಾನಿನಿಂದ ಇಂಗ್ಲೆಂಡಿಗೆ ಕಳುಹಿಸಿದನು. (ಈತ ಆಮೇಲೆ ಭಾರತಕ್ಕೆ ಬಂದು ದರ್ಭಾಂಗ ಮತ್ತು ಗ್ವಾಲಿಯರ್ ಮಹಾರಾಜರ ಉದ್ಯಾನಗಳ ಮೇಲ್ವಿಚಾರಕನಾಗಿ, ಮಾವಿನ ಹಣ್ಣಿನ ವಿಷಯದಲ್ಲಿ ಪ್ರವೀಣನೆನಿಸಿಕೊಂಡನೆಂಬುದು ನಮಗೆ ಸಂತೋಷದ ಸಂಗತಿ.) ಆತನ ಹೆಸರನ್ನೇ ಪಡೆದ ಆ ಗಿಡದ ಬೀಜಗಳನ್ನು ಫ್ರಾನ್ಸಿನ ನಾನ್ಸಿ ಪಟ್ಟಣದ ಲೆಮ್ವಾನ್ ಮನೆತನದ ತೋಟಗಾರರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಿತ್ತಿದರು. ಒಂದೇ ತಾಯಿಯ ಬೀಜದಿಂದ ಎದ್ದ ಸಸಿಗಳಲ್ಲಿ ಒಂದು ಗಾಢ ನೀಲಿಗೆ ತಿರುಗುವ ಹೂವನ್ನು ಬಿಟ್ಟಿತು, ಮತ್ತೊಂದು ಅಂಚಿನಲ್ಲಿ ಅಗಲವಾದ ಬಿಳಿ ಹೂಗಳನ್ನು, ಇನ್ನೊಂದು ನೇರಳೆ ಛಾಯೆಯನ್ನು. ಈ ಮೂರೂ ಇಂದಿಗೂ ತೋಟಗಳಲ್ಲಿ ಬಾಳಿವೆ. 1909ರಲ್ಲಿ ಅದೇ ದೇಶದ ಮೂಯೇರ್ ಎಂಬ ತೋಟಗಾರನು ಸಂಕರದ ಬೀಜಗಳಿಂದ ಎಬ್ಬಿಸಿದ ಬಿಳಿಯ ಚೆಂಡುಹೂವಿನ ಗಿಡಕ್ಕೆ ತನ್ನ ಮನೆತನದ ಹೆಸರನ್ನಿಟ್ಟನು; ಅದೂ ಇಂದಿಗೆ ಪ್ರಸಿದ್ಧವಾಗಿಯೇ ಉಳಿದಿದೆ.

ಸಸಿಗಳಲ್ಲಿ ಇಷ್ಟು ಭೇದವೇಕೆ? ಮೆಂಡೆಲನ ನಿಯಮಗಳನ್ನು ಓದಿದ ವಿದ್ಯಾರ್ಥಿಗಳಿಗೆ ಉತ್ತರ ಹೊಳೆಯದಿರದು. ತೋಟದ ಹೈಡ್ರೇಂಜಿಯಗಳು ಶುದ್ಧ ತಳಿಗಳಲ್ಲ. ಪ್ರತಿಯೊಂದು ಗುಣಕ್ಕೂ ಅವುಗಳಲ್ಲಿ ಎರಡು ಬಗೆಯ ಅಂಶಗಳು ಅಡಗಿರಬಹುದು. ಹೂಗೊಂಚಲಿನ ಆಕಾರವನ್ನೇ ತೆಗೆದುಕೊಳ್ಳಿ. ಜಪಾನಿನ ಸಂಶೋಧಕರು ನಡೆಸಿದ ಸಂಕರಣಗಳಲ್ಲಿ, ತಟ್ಟೆಯ ಆಕಾರ ಪ್ರಬಲ ಗುಣವೆಂದೂ ಚೆಂಡಿನ ಆಕಾರ ಸುಪ್ತ ಗುಣವೆಂದೂ ಕಂಡುಬಂದಿದೆ. ಹಾಗಿದ್ದರೆ ಚೆಂಡನ್ನು ಚೆಂಡಿನೊಡನೆ ಕೂಡಿಸಿದಾಗ ಸಸಿಗಳೆಲ್ಲ ಚೆಂಡುಹೂವಿನವೇ ಆಗಬೇಕು. ಚೆಂಡನ್ನು ತಟ್ಟೆಯೊಡನೆ ಕೂಡಿಸಿದರೊ? ತಟ್ಟೆಹೂವಿನ ಗಿಡ ಶುದ್ಧವಾಗಿದ್ದರೆ ಮಕ್ಕಳೆಲ್ಲ ತಟ್ಟೆ. ಅದರೊಳಗೆ ಚೆಂಡಿನ ಅಂಶ ಅಡಗಿದ್ದರೆ ಅರ್ಧ ತಟ್ಟೆ, ಅರ್ಧ ಚೆಂಡು. ಮನೆಯ ಹಿತ್ತಲಲ್ಲಿ ಇಪ್ಪತ್ತು ಮೂವತ್ತು ಸಸಿಗಳನ್ನು ಹೂವಿನವರೆಗೆ ಬೆಳೆಸಿದವನು, ತನ್ನ ಗಿಡದ ಒಳಗುಟ್ಟನ್ನು ಯಾವ ಉಪಕರಣವೂ ಇಲ್ಲದೆ ಎಣಿಸಿಯೇ ತಿಳಿದುಕೊಳ್ಳಬಹುದು.

ಇನ್ನು ಬೀಜವನ್ನು ಪಡೆಯುವ ಮಾತು. ಕೆಲವು ಹೈಡ್ರೇಂಜಿಯ ಜಾತಿಗಳಲ್ಲಿ ಗಿಡಕ್ಕೆ ತನ್ನದೇ ಪರಾಗ ಹತ್ತುವುದಿಲ್ಲವೆಂದು ಪರೀಕ್ಷೆಗಳಿಂದ ತಿಳಿದಿದೆ. ಒಂದೇ ಪೊದೆಯ ಕಡ್ಡಿಗಳಿಂದ ಬಂದ ಹತ್ತು ಗಿಡಗಳು ಒಂದೇ ಜೀವವೆಂದು ಹೇಳಿದೆನಷ್ಟೆ. ಆದುದರಿಂದ ಪರಾಗವನ್ನು ಬೇರೆ ಊರಿನ, ಬೇರೆ ಮೂಲದ ಗಿಡದಿಂದ ತಂದುಕೊಳ್ಳುವುದು ಲೇಸು. ಕಿರುಹೂ ಅರಳುವ ಮುನ್ನ ಚಿಮುಟದಿಂದ ಅದರ ಕೇಸರಗಳನ್ನು ಕಿತ್ತು, ಗೊಂಚಲಿಗೆ ಕಾಗದದ ಚೀಲ ಕಟ್ಟಬೇಕು. ಎರಡು ಮೂರು ದಿನಗಳ ಮೇಲೆ, ಚಿತ್ರ ಬರೆಯುವ ಸಣ್ಣ ಕುಂಚದಿಂದ ಪರಾಗವನ್ನು ಶಲಾಕಾಗ್ರಕ್ಕೆ ಸವರಿ, ಮತ್ತೆ ಚೀಲ ಕಟ್ಟಿ, ತಾಯಿತಂದೆಗಳ ಹೆಸರನ್ನೂ ದಿನಾಂಕವನ್ನೂ ಚೀಟಿಯಲ್ಲಿ ಬರೆದು ತೂಗಬಿಡಬೇಕು. ಇಷ್ಟು ಶ್ರಮ ಬೇಡವೆನ್ನುವವರು ಜೇನುಹುಳುಗಳಿಗೆ ಕೆಲಸವನ್ನು ಒಪ್ಪಿಸಿಬಿಡಬಹುದು. ಆಗ ತಾಯಿ ಯಾರೆಂದು ತಿಳಿದಿರುತ್ತದೆ, ತಂದೆ ಯಾರೆಂದು ತಿಳಿಯದು. ಏನು ಮಾಡಿದರೂ ಕಾಯಿ ಕಟ್ಟದಿದ್ದರೆ ಗಿಡವನ್ನು ಬೈದು ಫಲವಿಲ್ಲ. ಈ ಜಾತಿಯ ಸಾಮಾನ್ಯ ಗಿಡಗಳ ಜೀವಕೋಶಗಳಲ್ಲಿ 36 ಕ್ರೋಮೋಸೋಮುಗಳಿದ್ದರೆ ಕೆಲವು ಬಗೆಗಳಲ್ಲಿ 54 ಇರುತ್ತವೆ. ಮೂರು ಪಾಲಿನ ಈ ಗಂಟನ್ನು ಸಮನಾಗಿ ಎರಡು ಮಾಡಲಾಗದೆ, ಅಂಥವುಗಳ ಪರಾಗವೂ ಅಂಡವೂ ಬಹುಮಟ್ಟಿಗೆ ಜೊಳ್ಳಾಗುತ್ತವೆ.

ಹೂ ಅರಳಿದ ನಾಲ್ಕೈದು ತಿಂಗಳಿಗೆ ಕಾಯಿ ಕಂದು ಬಣ್ಣಕ್ಕೆ ತಿರುಗಿ, ಗಿಂಡಿಯ ಬಾಯಿ ಬಿರಿಯತೊಡಗುತ್ತದೆ. ಗೊಂಚಲನ್ನು ಆಗಲೇ ಕೊಯ್ಯಬೇಕು. ತಡಮಾಡಿದರೆ ಬೀಜ ಗಾಳಿಯ ಪಾಲು. ಕಾಗದದ ಚೀಲದಲ್ಲಿ ವಾರವೆರಡು ವಾರ ಒಣಗಿಸಿ ಬಿಳಿಯ ಹಾಳೆಯ ಮೇಲೆ ಮೆಲ್ಲನೆ ತಟ್ಟಿದರೆ, ಕಂದುಬಣ್ಣದ ಧೂಳಿನಂಥದೊಂದು ಉದುರುತ್ತದೆ. ಕಸವೆಂದು ಊದಿಬಿಡಬಾರದು, ಅದೇ ಬೀಜ. ಉದ್ದ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಹೊಗೆಸೊಪ್ಪಿನ ಬೀಜ ನೋಡಿದವರಿಗೆ ಇದರ ಅಂದಾಜು ಸಿಕ್ಕೀತು. ಇದರ ಪಕ್ಕದಲ್ಲಿ ಇಟ್ಟರೆ ರಾಗಿಯ ಕಾಳೂ ದೈತ್ಯ.

ಬೀಜ ಇಷ್ಟು ಚಿಕ್ಕದೆಂಬ ಒಂದು ಸಂಗತಿಯನ್ನು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಂಡರೆ ಬಿತ್ತನೆಯ ವಿಧಾನವೆಲ್ಲ ತಾನಾಗಿ ತಿಳಿಯುವುದು. ಅವರೆಯ ಕಾಳಿನಲ್ಲಿ ಮೊಳಕೆಗೆ ಹಲವು ದಿನಗಳ ಬುತ್ತಿ ಇರುತ್ತದೆ. ಅದು ಎರಡಂಗುಲದ ಆಳದಿಂದಲೂ ಮಣ್ಣನ್ನು ಸೀಳಿಕೊಂಡು ಬಂದೀತು. ಹೈಡ್ರೇಂಜಿಯದ ಬೀಜದಲ್ಲಿರುವ ಬುತ್ತಿ ಒಂದು ತುತ್ತಿಗೂ ಸಾಲದು. ಮೊಳೆತ ಕೂಡಲೇ ಅದು ಬೆಳಕಿಗೆ ಬಂದು ತನ್ನ ಅನ್ನವನ್ನು ತಾನೇ ಬೇಯಿಸಿಕೊಳ್ಳಬೇಕು. ಆದುದರಿಂದಲೇ ಈ ಬಗೆಯ ಬೀಜಗಳು ಬೆಳಕು ತಾಗಿದರಲ್ಲದೆ ಚೆನ್ನಾಗಿ ಮೊಳೆಯುವುದಿಲ್ಲ. ಕತ್ತಲೆಯಲ್ಲಿ ಹೂತ ಬೀಜಕ್ಕೆ ತಾನು ಹೂತಿದ್ದೇನೆಂದು ತಿಳಿಯುವುದಾದರೂ ಹೇಗೆ? 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್ ಎಂಬಲ್ಲಿ ಬಾರ್ಥ್ವಿಕ್, ಹೆಂಡ್ರಿಕ್ಸ್ ಮತ್ತು ಅವರ ಸಂಗಡಿಗರು ಲೆಟ್ಯೂಸ್ ಸೊಪ್ಪಿನ ಬೀಜಗಳ ಮೇಲೆ ಪ್ರಯೋಗ ನಡೆಸಿ, ಕೆಂಪು ಬೆಳಕು ಮೊಳೆಯುವಿಕೆಯನ್ನು ಪ್ರಚೋದಿಸುವುದೆಂದೂ, ಅದಕ್ಕಿಂತ ದೀರ್ಘ ತರಂಗದ ಅತಿಗೆಂಪು ಬೆಳಕು ಆ ಪ್ರಚೋದನೆಯನ್ನು ಅಳಿಸುವುದೆಂದೂ ತೋರಿಸಿದರು. ಬೀಜದೊಳಗೆ ಬೆಳಕನ್ನು ಗುರುತಿಸುವ ಈ ವರ್ಣದ್ರವ್ಯಕ್ಕೆ ಫೈಟೋಕ್ರೋಮ್ ಎಂದು ಹೆಸರಾಯಿತು. ಸಣ್ಣ ಬೀಜಗಳ ಪಾಲಿಗೆ ಇದು ಕಣ್ಣಿದ್ದಂತೆ.

ಬಿತ್ತುವುದಕ್ಕೆ ತಳದಲ್ಲಿ ತೂತುಗಳಿರುವ, ಮೂರು ನಾಲ್ಕಂಗುಲ ಆಳದ ಮಣ್ಣಿನ ಬೋಗುಣಿ ಸಾಕು. ಜರಡಿ ಹಿಡಿದ ಎಲೆಗೊಬ್ಬರ, ತೆಂಗಿನ ನಾರಿನ ಪುಡಿ, ಹೊಳೆಮರಳು, ಇವನ್ನು ಸಮಸಮನಾಗಿ ಬೆರೆಸಿ ತುಂಬಿ, ಮೇಲೆ ಕುದಿಯುವ ನೀರು ಹೊಯ್ದು ಆರಲು ಬಿಡಬೇಕು. ಕಳೆಯ ಬೀಜಗಳೂ ಬೂಷ್ಟೂ ಬಹುಮಟ್ಟಿಗೆ ಸಾಯುತ್ತವೆ. ಬೀಜವನ್ನು ಒಣ ನಯ ಮರಳಿನೊಡನೆ ಕಲಸಿ ತೆಳ್ಳಗೆ ಉದುರಿಸಿ, ಅಂಗೈಯಿಂದ ಹಗುರವಾಗಿ ಒತ್ತಿ, ಹಾಗೆಯೇ ಬಿಡಿರಿ. ಮೇಲೆ ಮಣ್ಣು ಹಾಕಕೂಡದು. ಬೋಗುಣಿಯ ಬಾಯಿಗೆ ಗಾಜಿನ ಹಲಗೆ ಮುಚ್ಚಿ, ಬೆಳಕು ಚೆನ್ನಾಗಿದ್ದು ಬಿಸಿಲು ತಾಗದ ಕಡೆ ಇಡಿರಿ. ನೀರನ್ನು ಮೇಲಿನಿಂದ ಸುರಿದರೆ ಬೀಜವೆಲ್ಲ ಒಂದು ಮೂಲೆ ಸೇರುತ್ತದೆ. ಬೋಗುಣಿಯನ್ನೇ ನೀರಿನ ತಟ್ಟೆಯಲ್ಲಿಟ್ಟು ಕೆಳಗಿನಿಂದ ಹೀರಲು ಬಿಡಬೇಕು. ಈ ಬೀಜಕ್ಕೆ ಶೀತದ ಉಪಚಾರ ಬೇಕಾಗಿಲ್ಲ. ಉಷ್ಣತೆ 20 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿದ್ದರೆ ಎರಡರಿಂದ ನಾಲ್ಕು ವಾರಗಳಲ್ಲಿ ಹಸಿರು ಚುಕ್ಕೆಗಳು ಮೂಡುತ್ತವೆ. ಮಲೆನಾಡಿನಲ್ಲಿ ಫೆಬ್ರವರಿಯಲ್ಲಿ ಬಿತ್ತಿದರೆ, ಜೋರು ಮಳೆ ಬರುವ ವೇಳೆಗೆ ಸಸಿಗಳು ಸ್ವಲ್ಪ ಗಟ್ಟಿಯಾಗಿರುತ್ತವೆ.

ಮೊದಲ ಎರಡು ತಿಂಗಳು ಅವು ಬೆಳೆಯುತ್ತಲೇ ಇಲ್ಲವೇನೋ ಎನಿಸುತ್ತದೆ. ಸಸಿಗಳು ಸಾಯುವುದೂ ಹೆಚ್ಚಾಗಿ ಈ ಅವಧಿಯಲ್ಲಿಯೇ. ಸಂಜೆ ನೆಟ್ಟಗಿದ್ದ ಸಸಿಗಳು ಬೆಳಗಾಗುವುದರೊಳಗೆ ಬುಡದಲ್ಲಿ ಕೊಳೆತು ಸಾಲಾಗಿ ಮಲಗಿದ್ದರೆ, ಅದು ಪಿತಿಯಮ್ ಮೊದಲಾದ ಸೂಕ್ಷ್ಮಜೀವಿಗಳ ಕೆಲಸ. ದಟ್ಟವಾದ ಬಿತ್ತನೆ, ಅತಿಯಾದ ತೇವ, ಆಡದ ಗಾಳಿ, ಈ ಮೂರೂ ಅವುಗಳಿಗೆ ಹಬ್ಬದೂಟ. ಮೊಳಕೆ ಕಂಡ ಕೂಡಲೇ ಗಾಜನ್ನು ದಿನದಿನಕ್ಕೂ ಸ್ವಲ್ಪ ಸ್ವಲ್ಪ ಸರಿಸುತ್ತ ಬರುವುದೇ ಇದಕ್ಕೆ ಮದ್ದು. ಎರಡು ಜೊತೆ ನಿಜವಾದ ಎಲೆಗಳು ಬಂದ ಮೇಲೆ, ಕಡ್ಡಿಯ ತುದಿಯಿಂದ ಮೀಟಿ, ಕಾಂಡವನ್ನು ಮುಟ್ಟದೆ ಎಲೆಯನ್ನೇ ಹಿಡಿದೆತ್ತಿ, ಒಂದೊಂದನ್ನು ಒಂದೊಂದು ಕುಂಡಕ್ಕೆ ಬದಲಾಯಿಸಬೇಕು. ಈ ಹೊತ್ತಿನಲ್ಲಿ ದಪ್ಪನಾದ ಸಸಿಗಳನ್ನು ಮಾತ್ರ ಉಳಿಸಿ ಉಳಿದವನ್ನು ಎಸೆಯುವ ಆಸೆ ಯಾರಿಗಾದರೂ ಬರುವುದು. ಆದರೆ ಹೂವಿನ ಗುಣಕ್ಕೂ ಎಳೆತನದ ಗಾತ್ರಕ್ಕೂ ಸಂಬಂಧವಿರಲೇಬೇಕೆಂದಿಲ್ಲ.

ಹೂವನ್ನು ಎರಡನೆಯ ಅಥವಾ ಮೂರನೆಯ ವರ್ಷದಲ್ಲಿ ನಿರೀಕ್ಷಿಸಬಹುದು; ಅದೂ ತಂಪು ಸೀಮೆಯಲ್ಲಿ. ಈ ಗಿಡ ಮುಂದಿನ ವರ್ಷದ ಹೂಮೊಗ್ಗನ್ನು ರೆಂಬೆಗಳ ತುದಿಯಲ್ಲಿ ಚಳಿ ಬರುವಾಗಲೇ ಕಟ್ಟಿಕೊಳ್ಳುತ್ತದೆ. ಸುಮಾರು 18 ಡಿಗ್ರಿಗಿಂತ ತಂಪಾದ ಕೆಲವು ವಾರಗಳು ಅದಕ್ಕೆ ಬೇಕು. ಕೊಡಗು, ಚಿಕ್ಕಮಗಳೂರಿನ ಎತ್ತರದ ಭಾಗಗಳಲ್ಲಿ ಇದು ಸುಲಭ. ಬೆಂಗಳೂರಿನಲ್ಲಿ ನೆರಳು, ತೇವಗಳ ಆರೈಕೆಯಿಂದ ಸಾಧ್ಯ. ರಾಯಚೂರು, ಕಲಬುರಗಿಗಳ ಬಿಸಿಲಿನಲ್ಲಿ ಹೆಣಗುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ. ಚಳಿಗಾಲದಲ್ಲಿ ರೆಂಬೆ ಸವರಿದರೆ ಮೊಗ್ಗನ್ನೂ ಸವರಿದಂತೆ. ಇನ್ನೊಂದು ಎಚ್ಚರಿಕೆ: ಈ ಗಿಡದ ಎಲೆ, ಮೊಗ್ಗುಗಳು ವಿಷಕರ. 2008ರಲ್ಲಿ ಜಪಾನಿನಲ್ಲಿಯೇ, ಊಟದ ತಟ್ಟೆಯಲ್ಲಿ ಅಲಂಕಾರಕ್ಕೆಂದು ಇಟ್ಟಿದ್ದ ಇದರ ಎಲೆಗಳನ್ನು ತಿಂದವರು ಅಸ್ವಸ್ಥರಾದರು. ಚಿಕ್ಕ ಮಕ್ಕಳೂ ಆಡುಕುರಿಗಳೂ ಇರುವ ಮನೆಯಲ್ಲಿ ಇದು ನೆನಪಿರಲಿ.

ಬಣ್ಣದ ಮಾತನ್ನು ಬೇಕೆಂದೇ ಕೊನೆಗೆ ಉಳಿಸಿದ್ದೇನೆ. ನೀಲಿ ಹೂವಿನಲ್ಲಿಯೂ ನಸುಗೆಂಪು ಹೂವಿನಲ್ಲಿಯೂ ಇರುವ ವರ್ಣದ್ರವ್ಯ ಒಂದೇ, ಡೆಲ್ಫಿನಿಡಿನ್ ಎಂಬುದರ ಸಂಯುಕ್ತ. ಅದರೊಡನೆ ಅಲ್ಯೂಮಿನಿಯಮ್ ಬೆಸೆದುಕೊಂಡರೆ ನೀಲಿ, ಇಲ್ಲದಿದ್ದರೆ ನಸುಗೆಂಪು. ಅಲ್ಯೂಮಿನಿಯಮ್ ಎಲ್ಲ ಮಣ್ಣಿನಲ್ಲಿಯೂ ಧಾರಾಳವಾಗಿದೆ. ಆದರೆ ಅದು ಕರಗಿ ಬೇರಿಗೆ ದೊರೆಯುವುದು ಮಣ್ಣು ಆಮ್ಲೀಯವಾಗಿದ್ದಾಗ, ಎಂದರೆ ಪಿಎಚ್ ಅಂಕ ಸುಮಾರು 5.5ಕ್ಕಿಂತ ಕೆಳಗಿದ್ದಾಗ. 6.5ನ್ನು ದಾಟಿದರೆ ಅದು ಮಣ್ಣಿನಲ್ಲಿಯೇ ಬಂಧಿತವಾಗುವುದು. ಭಾರಿ ಮಳೆಯಿಂದ ಸುಣ್ಣದ ಅಂಶ ತೊಳೆದುಹೋಗಿ ಹುಳಿಯಾದ ಮಣ್ಣಿನ ನೀಲಗಿರಿಯಲ್ಲಿ ಚಹವೂ ಬೆಳೆಯುತ್ತದೆ, ಹೈಡ್ರೇಂಜಿಯವೂ ನೀಲಿಯಾಗುತ್ತದೆ. ಚಹದ ಗಿಡವೂ ಅಲ್ಯೂಮಿನಿಯಮ್ಮನ್ನು ಎಲೆಗಳಲ್ಲಿ ಕೂಡಿಡುವ ಜಾತಿಯದೇ. ಅದೇ ಹೈಡ್ರೇಂಜಿಯವನ್ನು ಬಯಲುಸೀಮೆಗೆ ತಂದು ಗಡಸು ನೀರಿನ ಕೊಳವೆಬಾವಿಯಿಂದ ನೀರೆರೆದರೆ, ಕ್ರಮೇಣ ನಸುಗೆಂಪಿಗೆ ತಿರುಗುತ್ತದೆ. ಅರಿಸಿನಕ್ಕೆ ಸುಣ್ಣ ಬೆರೆಸಿದರೆ ಓಕುಳಿ ಕೆಂಪಾಗುವುದನ್ನು ನಾವೆಲ್ಲರೂ ನೋಡಿದ್ದೇವೆ. ಆದರೆ ಅಲ್ಲಿ ಸುಣ್ಣವೇ ನೇರವಾಗಿ ಬಣ್ಣವನ್ನು ಬದಲಿಸುತ್ತದೆ. ಇಲ್ಲಿ ಅದು ಅಲ್ಯೂಮಿನಿಯಮ್ಮಿನ ದಾರಿಯನ್ನು ಕಟ್ಟುತ್ತದೆ.

ಇಷ್ಟು ತಿಳಿದ ಮೇಲೆ, ಕಡುನೀಲಿ ಹೂವಿನ ಚಿತ್ರ ಅಚ್ಚಾದ ಪೊಟ್ಟಣಗಳಲ್ಲಿ ‘ನೀಲಿ ಹೈಡ್ರೇಂಜಿಯದ ಬೀಜ’ವೆಂದು ಮಾರುವವರ ಮಾತನ್ನು ಎಷ್ಟು ನಂಬಬೇಕೆಂಬುದನ್ನು ಓದುಗರೇ ನಿರ್ಧರಿಸಬಹುದು. ಬೀಜವು ತಾಯಿಯಂತೆಯೇ ಹೂ ಬಿಡುವುದೆಂಬ ಭರವಸೆಯಿಲ್ಲ. ಬಿಟ್ಟರೂ ಅದು ನೀಲಿಯೋ ನಸುಗೆಂಪೋ ಎಂಬುದನ್ನು ಹೇಳತಕ್ಕದ್ದು ಕೊಂಡವನ ಮಣ್ಣು. ಪೊಟ್ಟಣದಲ್ಲಿ ಸಾಸಿವೆಯಷ್ಟೋ ಮೆಂತ್ಯದಷ್ಟೋ ದಪ್ಪದ ಕಾಳುಗಳಿದ್ದರೆ ವಿಚಾರವೇ ಬೇಡ, ಅದು ಹೈಡ್ರೇಂಜಿಯವಲ್ಲ.

ಹಾಗಾದರೆ ಹೂವಿನ ಗುಣಗಳಲ್ಲಿ ಬೀಜದ್ದೆಷ್ಟು, ಮಣ್ಣಿನದ್ದೆಷ್ಟು? ಡೆನ್ಮಾರ್ಕಿನ ಯೊಹಾನ್ಸೆನ್ ಈ ಎರಡನ್ನೂ ಬೇರ್ಪಡಿಸಿ ಹೇಳುವ ಪರಿಭಾಷೆಯನ್ನು ರಚಿಸಿದ್ದು 1909ರಲ್ಲಿ. ಆನುವಂಶಿಕ ಘಟಕಕ್ಕೆ ‘ಜೀನ್’ ಎಂಬ ಹೆಸರೂ ಆತನದೇ. ಆತ ಹೇಳಿದ ಭೇದವನ್ನು ಕಾಣಲು ಹೈಡ್ರೇಂಜಿಯದಂಥ ಗಿಡ ಬೇರೆ ಬೇಕಿಲ್ಲ. ಬೀಜದ ಸಸಿಗಳನ್ನೆಲ್ಲ ಒಂದೇ ಮಣ್ಣಿನಲ್ಲಿ, ಒಂದೇ ನೀರಿನಲ್ಲಿ ಬೆಳೆಸಿದರೆ, ಆಗ ಕಾಣುವ ಭೇದಗಳು ಬಹುಮಟ್ಟಿಗೆ ಆನುವಂಶಿಕ: ಒಂದು ಬಿಳಿ, ಒಂದು ತೆಳುಬಣ್ಣ, ಒಂದು ಗಾಢ, ಒಂದು ಕುಳ್ಳು, ಒಂದು ಎತ್ತರ. ಅನಂತರ, ಹೂ ಬಿಟ್ಟ ಸಸಿಗಳಲ್ಲಿ ಮೆಚ್ಚಿಕೆಯಾದ ಒಂದನ್ನು ಆರಿಸಿ, ಅದರಿಂದ ಸಮನಾದ ಕೆಲವು ಕಡ್ಡಿಗಳನ್ನು ಮುರಿದು, ಎರಡು ಸಾಲು ಕುಂಡಗಳಲ್ಲಿ ಒಂದೇ ಬಗೆಯ ಮಣ್ಣಿನಲ್ಲಿ ನೆಡಿರಿ. ಬೇರು ಹಿಡಿದ ಮೇಲೆ ಒಂದು ಸಾಲಿಗೆ, ಲೀಟರು ನೀರಿಗೆ ಮೂರು ನಾಲ್ಕು ಗ್ರಾಮಿನಂತೆ ಪಟಿಕವನ್ನು ಕರಗಿಸಿ, ಹದಿನೈದು ದಿನಗಳಿಗೊಮ್ಮೆ ತೇವದ ಮಣ್ಣಿಗೆ ಹೊಯ್ಯಬೇಕು. ಪಟಿಕದಲ್ಲಿ ಅಲ್ಯೂಮಿನಿಯಮ್ ಇದೆ. ಇನ್ನೊಂದು ಸಾಲಿನ ಮಣ್ಣಿಗೆ ಚಿಟಿಕೆ ಸುಣ್ಣದ ಪುಡಿಯನ್ನೂ ಸ್ವಲ್ಪ ಮೂಳೆಗೊಬ್ಬರವನ್ನೂ ಬೆರೆಸಬೇಕು. ಮೂಳೆಯ ರಂಜಕವೂ ಅಲ್ಯೂಮಿನಿಯಮ್ಮನ್ನು ಹಿಡಿದಿಡುತ್ತದೆ. ಈ ಪರೀಕ್ಷೆಗೆ ಬೀಜದ ಸಸಿಗಳನ್ನು ಬಳಸಿದರೆ ಫಲಿತಾಂಶ ಕಲಸಿಹೋಗುವುದು. ಮೊದಲನೆಯದಕ್ಕೆ ಕಡ್ಡಿಯ ಗಿಡಗಳನ್ನು ಬಳಸಿದರೆ ನೋಡುವುದಕ್ಕೆ ಏನೂ ಇರದು. ಆರಿಸಿಕೊಂಡ ಸಸಿ ಬಿಳಿಯದಾಗಿದ್ದರೆ ಮಾತ್ರ ಎರಡು ಸಾಲುಗಳೂ ಬಿಳಿಯಾಗಿಯೇ ಅರಳುತ್ತವೆ. ಬಣ್ಣದ ಮೂಲದ್ರವ್ಯವೇ ಇಲ್ಲದ ಕಡೆ ಅಲ್ಯೂಮಿನಿಯಮ್ಮಿಗೆ ಬೆಸೆಯಲು ಏನೂ ಸಿಕ್ಕದು. ಆದುದರಿಂದ ಕಡ್ಡಿ ಮುರಿಯುವ ಮುನ್ನ ಮೊದಲ ಹೂವಿನ ಬಣ್ಣವನ್ನು ನೋಡಿ ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.